ನಿಜಗುಣಪ್ಪನವರು ಒಲ್ಲೆ ಎಂದು ಹೇಳಿ ಬಂದದ್ದು

ಬೈಲಹೊಂಗಲದ ಬಟ್ಟೆ ವ್ಯಾಪಾರಿ ನಿಜಗುಣಪ್ಪನವರಿಗೆ ಹೆಣ್ಣು-ಗಂಡು ಕೂಡಿಸುವ ಚಟ. ಅರಿವೆ ಅಳೆಯುತ್ತಲೇ ಗಿರಾಕಿಯ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದವರು ಯಾರಿದ್ದಾರೆಂದು ತಿಳಿದುಕೊಳ್ಳುತ್ತಿದ್ದರು. ಹೀಗಾಗಿ ಜಗತ್ತಿನ ಸಕಲ ವ್ಯವಹಾರವೂ ಅವರ ಕಣ್ಣಿಗೆ ಬೀಗತನದಂತೆಯೇ ಕಾಣುತ್ತಿತ್ತು. ಇಲ್ಲದಿದ್ದರೆ ತೊಂಬತ್ತೆಂಟರ ಜೂನ್‌ನಲ್ಲಿ ಆ ಅನಾಹುತ ಆಗುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ಮಗಳು ಉಮಾಶ್ರೀಗೆ ವಿಜ್ಞಾನವೇ ಬೇಕಿತ್ತು. ಧಾರವಾಡ, ಸವದತ್ತಿ, ರಾಮದುರ್ಗ ಮೂರೂ ಊರಿನ ಕಾಲೇಜುಗಳಿಗೆ ಅರ್ಜಿ ಹಾಕಿದ್ದರು. ಮೊದಲು ಧಾರವಾಡದವರೇ ಸೀಟು ಕೊಟ್ಟರು. ಮನೆಯಲ್ಲಿ ಗೋಧಿ ಹುಗ್ಗಿ ಆಯಿತು.

"ಶನಿವಾರದೊಳಗ ಹೆಸರು ಹಚ್ಚಬೇಕಂತ. ಅಂದ್ರ ನಾಳೆ. ಮುಂಜಾನಿ ಬಸ್ಸಿಗೆ ನಡೀರಿ," ಎಂದರು ಹೆಂಡತಿ ರಾಚವ್ವ.

"ಅವಸರ ಯಾಕ? ಅವರೂ ಒಪ್ಪ್ಯಾರ, ನಾವೂ ಒಪ್ಪೇವಿ. ಮೊದಲ ಉಳಿದವರಿಗೆ ಒಲ್ಲೆ ಅಂತ ಹೇಳಿ ಬರಬೇಕು. ನಿಶ್ಚಯ ಆದಮ್ಯಾಲ ಬ್ಯಾರೆ ಮಂದಿನ್ನ ಕಾಯಿಸೂದು ಮರ್ಯಾದಿ ಅಲ್ಲ."

"ಅವು ಕಾಲೇಜು ಅದಾವ್ರೀ, ವರಗೋಳಲ್ಲ!"

"ಸುಮ್ಮನಿರು. ಊರಾಗ ಅಷ್ಟು ಬೀಗತನ ಮಾಡಿಸಿದವ ನಾನೋ ನೀನೋ?" (ಮುರಿದವನ್ನು ಲೆಕ್ಕದಲ್ಲಿ ಹಿಡಿದಿರಲಿಲ್ಲ.)

"ಅಪ್ಪಾ, ಮೊದಲ ಧಾರವಾಡಕ್ಕ ಹೋಗೂಣು," ಎಂದಳು ಉಮಾಶ್ರೀ.

"ಸೋಮವಾರ ಹೋಗೂಣವಾ. ಕೊಟ್ಟ ಮಾತು ಎರಡು ದಿನದಾಗ ಯಾರರ ಮುರೀತಾರೇನು?"

ಶನಿವಾರ ಕುಂದಾದ ಡಬ್ಬಿಗಳೊಡನೆ ಸವದತ್ತಿಗೆ ದಯಮಾಡಿಸಿದರು. ಬೇಡವೆಂದು ಹೇಳಲು ಸಿಹಿ ಹಿಡಿದುಕೊಂಡು ಬಂದ ಪಾಲಕನನ್ನು ಅಲ್ಲಿನ ಪ್ರಿನ್ಸಿಪಾಲರು ಎಂದೂ ಕಂಡಿರಲಿಲ್ಲ.

"ನಿಮ್ಮ ಮನಿತನ ಭಾಳ ಛಲೋ ಐತ್ರಿ. ನಮ್ಮ ಹುಡುಗಿಗೇ ಋಣ ಇರಲಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು ನಿಜಗುಣಪ್ಪನವರು.

ಗದ್ಗದಿತರಾದ ಪ್ರಿನ್ಸಿಪಾಲರು ಉಮಾಶ್ರೀಗೆಂದು ಇಟ್ಟಿದ್ದ ಸೀಟನ್ನು ಹೊರಗೆ ಕಾಯುತ್ತಿದ್ದ ಲಕ್ಕಪ್ಪನೆಂಬ ಪಾಲಕನ ಮಗಳಿಗೆ ಅಲ್ಲೇ ಕೊಟ್ಟುಬಿಟ್ಟರು. ರಾಮದುರ್ಗದಲ್ಲೂ ಇದೇ ಸತ್ಕಾರ್ಯ ನೆರವೇರಿತು. ಕನ್ಯಾದಾನಕ್ಕಿಂತ ದೊಡ್ಡ ಪುಣ್ಯ ಕಟ್ಟಿಕೊಂಡವರ ಗತ್ತಿನಲ್ಲಿ ನಿಜಗುಣಪ್ಪನವರು ಮನೆಗೆ ಮರಳಿದರು.

ಸೋಮವಾರ ಧಾರವಾಡದ ಗುಮಾಸ್ತ ಕತ್ತೆತ್ತಿಯೂ ನೋಡಲಿಲ್ಲ. "ಸೀಟು ಮುಂದಿನವರಿಗೆ ಹೋತ್ರಿ. ನೀವು ಶನಿವಾರ ಬರಲಿಲ್ಲ, ಒಲ್ಲೆ ಅಂದಂಗಾತು."

"ಒಲ್ಲೆ ಅನ್ನೂದಿದ್ರ ನಾ ಖುದ್ದ ಬಂದು ಹೇಳತೇನ್ರಿ!" ಎಂದು ನಿಜಗುಣಪ್ಪನವರು ಕೂಗಿದರು. "ಬೇಕಾದ್ರ ರಾಮದುರ್ಗದಾಗ ಕೇಳ್ರಿ!"

ಉಮಾಶ್ರೀ ಗೋಡೆಯತ್ತ ಮುಖ ತಿರುಗಿಸಿ ನಿಂತಳು.

ಅಲ್ಲಿಂದ ಸವದತ್ತಿಗೆ ಓಡಿದರು. ಪ್ರಿನ್ಸಿಪಾಲರು ಚಹಾ ತರಿಸಿದರು. "ನಿಮ್ಮಂಥಾ ಸಂಭಾವಿತರಿಗೆ ಇಲ್ಲ ಅನ್ನಾಕ ನಾಲಿಗಿ ಏಳವಲ್ದು," ಎಂದು ಇಲ್ಲ ಎಂದರು. ಗೇಟಿನವರೆಗೂ ಬಂದು ಕೈಮುಗಿದು ಬೀಳ್ಕೊಟ್ಟರು. ರಾಮದುರ್ಗದಲ್ಲಿ ಅಷ್ಟು ಉಪಚಾರವೂ ಸಿಗಲಿಲ್ಲ.

ಕೊನೆಗೆ ತಮ್ಮೂರಿನ ಕಾಲೇಜಿನ ಕಲಾ ವಿಭಾಗದಲ್ಲಷ್ಟೇ ಜಾಗ ಉಳಿದಿತ್ತು. ಮೊದಲ ದಿನ ನಿಜಗುಣಪ್ಪನವರೇ ಮಗಳನ್ನು ಕಾಲೇಜಿಗೆ ಬಿಡಲು ಹೋದರು. ಬಾಗಿಲಲ್ಲಿ ನಿಂತು ಕೇಳಿದರು: "ಇತಿಹಾಸನೂ ಛಲೋ ವಿಷಯ ಅಲ್ಲೇನವಾ?"

"ಛಲೋನ ಐತಿ, ಅಪ್ಪಾ." ಉಮಾಶ್ರೀ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ಆಕೆಯ ದನಿಯಲ್ಲಿ ಸಿಟ್ಟಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. "ಒಂದ ಮಾತು. ನನ್ನ ಲಗ್ನ ನಿಶ್ಚಯ ಆದಾಗ ನೀವು ಉಳಿದವರಿಗೆ ಒಲ್ಲೆ ಅನ್ನಾಕ ಅಂಗಡಿ ಬಿಟ್ಟು ಹೊರಗ ಬರಬ್ಯಾಡ್ರಿ. ಅವ್ವ ನೋಡ್ಕೋತಾಳ."