ಕೆಂಪು ಎಲೆಗೊಂದು ಸಾಕ್ಷಿ

ಊಟಕ್ಕೆ ಕರೆದವರಿಗೆ ಮೂರು ಬಗೆ ಪಲ್ಯ ಮಾಡುವ ನಾನು, ಕ್ಯಾಮೆರಾ ಕೈಗೆ ಬಂದರೆ ಜಿಪುಣಿಯಾಗುತ್ತೇನೆ. ಮೂವತ್ತಾರು ಚಿತ್ರದ ಒಂದು ರೋಲನ್ನು ವರ್ಷವಿಡೀ ಎಳೆಯುತ್ತೇನೆ. ಮನುಷ್ಯರಿಲ್ಲದ ಫೋಟೋ ಎಂದರೆ ಫಿಲ್ಮು ದಂಡ ಎನ್ನುವುದು ನಾನು ಬೆಳೆದ ಮನೆಯ ಕಾನೂನು.

ಆದರೂ ಅಂಥದ್ದೊಂದು ಫೋಟೋ ನನಗೆ ಬೇಕಾಗಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ನಾಲ್ಕನೆಯ ಕ್ಲಾಸಿನಲ್ಲಿದ್ದಾಗ, ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ ನೋಡಿ ನಾನು ಮರಕ್ಕೆ ಕೆಂಪು ಎಲೆ ಬರೆದಿದ್ದೆ. ಮಂಗಳೂರು ಕಡೆಯ ಡ್ರಾಯಿಂಗ್ ಸಿಸ್ಟರ್ ಅದರ ಮೇಲೆ ಅಷ್ಟೇ ಕೆಂಪಾಗಿ ಗೀಟು ಎಳೆದು, “ಇಂಥ ಮರ ಎಲ್ಲಿಯಾದ್ರೂ ಉಂಟಾ, ಮಗು?” ಎಂದಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾಗುತ್ತಿದೆ ಎಂದು ಬರೆದಿದ್ದರು. ಪೂರ್ತಿ ಮಂಜಾಗುವ ಮೊದಲು ಕೆಂಪು ಬೆಟ್ಟದ ಫೋಟೋ ಅವರ ಕೈ ಸೇರಬೇಕು ಎನ್ನುವುದೇ ನನ್ನ ಹಠ. ಪೋಸ್ಟ್ ಕಾರ್ಡು ಕಳಿಸಬಹುದಿತ್ತು. ಅಚ್ಚಾದ ಬಣ್ಣವನ್ನು ಸಿಸ್ಟರ್ ನಂಬುವವರಲ್ಲ.

ಅಮೆರಿಕದಲ್ಲಿ ನಾವಿರುವ ಜರ್ಮನ್‌ಟೌನಿನಿಂದ ಬ್ಲೂ ರಿಡ್ಜ್ ಬೆಟ್ಟಕ್ಕೆ ಎರಡು ಗಂಟೆ ದಾರಿ. ಅಕ್ಟೋಬರಿನಲ್ಲಿ ಎಲೆ ಉದುರುವ ಮುನ್ನ ಆ ಕೆಂಪು ಬಣ್ಣ ನಿಲ್ಲುವುದು ಒಂದೇ ವಾರ. ಒಂದು ವರ್ಷ ಅದನ್ನು ದಸರಾ ಗೊಂಬೆ ನುಂಗಿತು, ಇನ್ನೊಂದು ವರ್ಷ ನಮ್ಮವರ ಆಫೀಸು. ಮೂರನೆಯ ವರ್ಷ ಹಠ ಹಿಡಿದು ಹೊರಟರೂ ಪುಳಿಯೋಗರೆ, ಮೊಸರನ್ನ, ಫ್ಲಾಸ್ಕು ಎಂದು ಮಧ್ಯಾಹ್ನವೇ ಆಯಿತು. “ಬೆಟ್ಟ ನೋಡೋಕೆ ಹೋಗ್ತಿದೀವೋ, ಬೆಟ್ಟಕ್ಕೆ ಬಡಿಸೋಕೋ?” ಎಂದರು ನಮ್ಮವರು.

ದಾರಿಯಲ್ಲಿ ಅವರು ಮಗಳು ಅನುವನ್ನು ಕಾರಿನ ಪಕ್ಕ, ಬೋರ್ಡಿನ ಪಕ್ಕ, ಪುಳಿಯೋಗರೆ ತಟ್ಟೆಯ ಪಕ್ಕ ನಿಲ್ಲಿಸಿ ಕ್ಲಿಕ್ಕಿಸಿ, ಕೊನೆಗೆ ರೋಲಿನಲ್ಲಿ ಒಂದೇ ಚಿತ್ರ ಉಳಿಸಿದರು. ಇನ್ನೊಂದು ರೋಲು ಕೆಡದಿರಲೆಂದು ಮನೆಯ ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಭದ್ರವಾಗಿತ್ತು. “ಈ ಕೊನೇದನ್ನ ಮುಟ್ಟಬೇಡಿ, ಅದು ಸಿಸ್ಟರ್‌ದು. ಅದರಲ್ಲಿ ಯಾರೂ ಇರಬಾರದು,” ಎಂದು ಕ್ಯಾಮೆರಾ ಕಸಿದುಕೊಂಡೆ.

ಒಂದು ತಿರುವು ದಾಟಿದಾಗ ಕಣಿವೆ ಒಮ್ಮೆಲೇ ತೆರೆದುಕೊಂಡಿತು. ಅರಿಶಿನ, ಕುಂಕುಮ, ಕಾಯಿಸಿದ ಬೆಲ್ಲದ ಬಣ್ಣ, ಕಣ್ಣು ಹೋದಷ್ಟು ದೂರ. ಮೋಡದ ನೆರಳೊಂದು ಬೆಟ್ಟದ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಅದು ದಾಟಿಹೋದಲ್ಲಿ ಮರಗಳು ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಸದ್ದೇ ಇಲ್ಲ. ಒಂದು ಎಲೆ ನನ್ನ ಸ್ವೆಟರಿನ ತೋಳಿನ ಮೇಲೆ ಇಳಿಯಿತು. ಮೈಯೆಲ್ಲ ಕೆಂಪು, ನರಗಳು ಮಾತ್ರ ಇನ್ನೂ ಹಸಿರು. ಸಿಸ್ಟರ್ ಹೇಳಿದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು. ಎಷ್ಟು ಹೊತ್ತು ನಿಂತಿದ್ದೆನೋ, ಕ್ಯಾಮೆರಾ ಕೊರಳಲ್ಲಿರುವುದೇ ಮರೆತಿತ್ತು.

“ಅಮ್ಮಾ, ಐ ಆಮ್ ಕೋಲ್ಡ್. ಫೋಟೋ ತೆಗಿ,” ಎಂದಳು ಅನು.

ಕ್ಯಾಮೆರಾ ಎತ್ತಿದೆ. ಕಿಂಡಿಯಲ್ಲಿ ಬೆಟ್ಟ ಒಂಟಿಯಾಗಿತ್ತು. ಬೆರಳು ಒತ್ತಲೇ ಇಲ್ಲ. “ರೀ, ಇಲ್ಲಿ ಬನ್ನಿ. ಅನು, ಅಪ್ಪನ ಹತ್ರ ನಿಂತ್ಕೋ.”

“ಯು ಸೆಡ್ ನೋ ಪೀಪಲ್.”

“ಸಿಸ್ಟರ್ ನಿನ್ನನ್ನ ನೋಡೇ ಇಲ್ವಲ್ಲ ಪುಟ್ಟಿ. ಇನ್ನೂ ಸ್ವಲ್ಪ ಮುಂದೆ ಬಾ.”

ಕ್ರಿಸ್‌ಮಸ್‌ಗೆ ಉತ್ತರ ಬಂತು. ಮಗಳು ನಿನ್ನ ಹಾಗೆಯೇ ಇದ್ದಾಳೆ, ಯಜಮಾನರು ಸಾಧುವಿನಂತೆ ಕಾಣುತ್ತಾರೆ ಎಂದು ಸಿಸ್ಟರ್ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಸ್ಟುಡಿಯೋದವರು ಹಿಂದಿನ ಪರದೆಗೆ ಕೆಂಪು ಸ್ವಲ್ಪ ಜಾಸ್ತಿ ಹಾಕಿದ್ದಾರೆ.

ಫ್ರಿಜ್ಜಿನ ರೋಲನ್ನು ಮುಂದಿನ ಅಕ್ಟೋಬರಿಗೆಂದೇ ಕ್ಯಾಮೆರಾಕ್ಕೆ ಹಾಕಿದ್ದೇನೆ. ಈಗಾಗಲೇ ನಾಲ್ಕು ಚಿತ್ರ ಖರ್ಚಾಗಿವೆ. ನಾಲ್ಕರಲ್ಲೂ ಯಾರೋ ನಿಂತಿದ್ದಾರೆ, ನಿಲ್ಲಿಸಿದವಳು ನಾನೇ.