ಒಂದೂವರೆ ಅಡಿ ಜಾಗ, ಅರ್ಧ ದೇವರು

ದೇವರು ಮನುಷ್ಯನನ್ನು ಸೃಷ್ಟಿಸಿದ ಕಥೆ ನೀವು ಕೇಳಿರುತ್ತೀರಿ. ಮನುಷ್ಯರು ದೇವರನ್ನು ಸೃಷ್ಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೃಷ್ಟಿಸಿದವಳು ನಮ್ಮ ಸೋದರತ್ತೆ, ಸ್ಥಳ ಮಧುಗಿರಿ, ಕಾರಣ ಪಕ್ಕದ ಮನೆ ರಂಗಮ್ಮ. ಪೂರ್ತಿ ದೇವರಲ್ಲ ಅನ್ನಿ, ಅರ್ಧವೇ!

ಅತ್ತೆಯ ಅಂಗಳದಲ್ಲಿ ನಿಂತರೆ ಎದುರಿಗೇ ಬೆಟ್ಟ. ಅಷ್ಟೂ ಒಂದೇ ಕಲ್ಲು. ಅಷ್ಟು ದೊಡ್ಡ ಕಲ್ಲಿನ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ತಕರಾರೆಲ್ಲ ಎರಡು ಮನೆಗಳ ನಡುವೆ ಗಡಿಗೆಂದು ನೆಟ್ಟಿರುವ ಮೊಣಕಾಲೆತ್ತರದ ಬಾಂದುಕಲ್ಲಿನದು. ಅದು ತನ್ನ ಜಾಗದೊಳಕ್ಕೆ ಸರಿದಿದೆ ಎಂದು ಅತ್ತೆ, ಅಲ್ಲ ತನ್ನ ಜಾಗದೊಳಕ್ಕೆ ಎಂದು ರಂಗಮ್ಮ. ಕಲ್ಲಿಗೆ ಕಾಲಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಹನ್ನೊಂದು ವರ್ಷ!

ಶುರುವಾದದ್ದು ಪೈಪಿನಿಂದ. ರಂಗಮ್ಮನ ಮನೆಯ ನಲ್ಲಿಗೆ ಹೋಗುವ ಪೈಪು ಅತ್ತೆಯ ಅಂಗಳದಡಿಯಲ್ಲೇ ಹಾಯುತ್ತದೆ. ಒಮ್ಮೆ ಅದು ಸೋರತೊಡಗಿತು. ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಅತ್ತೆ ಏನು ಮಾಡಿದಳು? ಸೋರುವ ಜಾಗದಲ್ಲೇ ಕರಿಬೇವಿನ ಗಿಡ ನೆಟ್ಟಳು! ರಿಪೇರಿಗೆ ಬಂದವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಗಿಡದ ಬೇರು ಮುಟ್ಟಂಗಿಲ್ಲ. ನಮ್ ಮಣ್ಣಿಗೆ ಬಿದ್ದ ನೀರು ನಮ್ದು."

ರಂಗಮ್ಮ ಸುಮ್ಮನಿರುವವಳೇ? "ಅಕ್ಕಯ್ಯ, ಮಣ್ಣು ನಿಮ್ದು, ನೀರು ನಮ್ದು. ಸೊಪ್ಪಲ್ಲಿ ಅರ್ಧ ಕೊಡಿ ಮತ್ತೆ!"

"ಕೊಡ್ತೀನಿ ಬಾ. ಎಲೆ ನಂಗೆ, ಕಡ್ಡಿ ನಿಂಗೆ!"

ಜಗಳ ಪೈಪಿನಿಂದ ಕಲ್ಲಿಗೆ ಬಂದ ಮೇಲೆ, ನಾನು ರಜೆಗೆಂದು ಅಲ್ಲಿಗೆ ಹೋಗಿದ್ದಾಗ, ಒಂದು ಸೋಮವಾರ ಅತ್ತೆಗೆ ಉಪಾಯ ಹೊಳೆಯಿತು. ಬಾಂದುಕಲ್ಲನ್ನು ತೊಳೆದು, ಮೂರು ಬೆರಳಲ್ಲಿ ಅಡ್ಡಕ್ಕೆ ವಿಭೂತಿ ಬಳಿದು, ತುಂಬೆ ಹೂವಿಟ್ಟು ಕೈಮುಗಿದಳು.

"ಈಗ ಸರಿಸ್ಲಿ ನೋಡಾನ! ಈಶ್ವರನ್ನ ಅಲ್ಲಾಡ್ಸೋ ಗಂಡ್ಸು ಈ ಬೀದೀಲಿ ಯಾವನವ್ನೆ?"

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಕಲ್ಲಿನ ಆಚೆ ಬದಿಗೆ ಉದ್ದನೆಯ ನಾಮ! ಜೊತೆಗೆ ತುಳಸಿ ಬೇರೆ. ರಂಗಮ್ಮನ ಮನೆದೇವರು ತಿಮ್ಮಪ್ಪ ನೋಡಿ. ಈ ಕಡೆಯಿಂದ ಈಶ್ವರ, ಆ ಕಡೆಯಿಂದ ತಿಮ್ಮಪ್ಪ. ಹಾಲಿನವನು ಕಲ್ಲಿಗೆ ಪೂರ್ತಿ ಒಂದು ಸುತ್ತು ಬಂದು ಕೈಮುಗಿಯತೊಡಗಿದ. ಯಾಕಯ್ಯಾ ಎಂದರೆ, "ಎರಡೂ ಮನೇಲಿ ಹಾಲು ತಗಂತಾರೆ ಸ್ವಾಮಿ" ಅಂದ!

ಕೊನೆಗೂ ಅತ್ತೆಯ ಅರ್ಜಿಗೆ ಸರ್ವೆಯರ್ ಬರುವ ದಿನ ಗೊತ್ತಾಯಿತು. ಕಾಂಪೌಂಡ್ ಎಬ್ಬಿಸಲು ಗಾರೆಯವನಿಗೂ ಹೇಳಿಟ್ಟಳು. ನನಗೂ ಫೋನು ಬಂತು: "ಲೇ, ನಮ್ ಕಡೆ ಓದ್ದೋನು ಒಬ್ಬ ಇರ್ಬೇಕು ಕಣ್ಲಾ. ಬಂದ್ಬುಡು." ಹೋದೆ. ನನ್ನ ಓದು ಟೇಪಿನ ತುದಿ ಹಿಡಿಯಲು ಉಪಯೋಗಕ್ಕೆ ಬಂತು.

ಸರ್ವೆಯರ್ ಕಲ್ಲು ಕಂಡೊಡನೆ ಚಪ್ಪಲಿ ಬಿಟ್ಟ. ಎರಡು ಸಲ ಅಳೆದ. ನಕ್ಷೆಯನ್ನು ತಿರುಗಿಸಿ ನೋಡಿದ.

"ಅಮ್ಮಾ, ನೀವು ಹೇಳಿದ್ದೇ ನಿಜ. ಕಲ್ಲಿನಿಂದ ಆಚೆಗೆ ಇನ್ನೂ ಒಂದೂವರೆ ಅಡಿ ನಿಮ್ದೇ. ಅವ್ರ ಬಚ್ಚಲುಮನೆ ಅರ್ಧ ನಿಮ್ ಜಾಗದಲ್ಲೈತೆ. ಒಡೆಸ್ಬೇಕು ಅಂದ್ರೆ ಒಡೆಸ್ಬೋದು."

ಹನ್ನೊಂದು ವರ್ಷದ ಗೆಲುವು! ಅತ್ತೆ ಕುಣಿಯುತ್ತಾಳೆಂದು ನೋಡಿದೆ. ಅವಳು ನಕ್ಷೆಯ ಕಡೆ ನೋಡುತ್ತಲೇ ಇರಲಿಲ್ಲ. ಬಚ್ಚಲುಮನೆಯ ಕಿಂಡಿಯಿಂದ ಹೊಗೆ ಬರುತ್ತಿತ್ತು. ಒಳಗೆ ಹಂಡೆ ಕಾಯುತ್ತಿತ್ತು. ರಂಗಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಇಪ್ಪತ್ತು ದಿನದ ಕೂಸು.

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ರಂಗಮ್ಮ ಅವತ್ತು ಸೆರಗು ಹಿಡಿದುಕೊಂಡು ನಿಂತಿದ್ದಳು. "ಅಕ್ಕಯ್ಯ, ಮೂರು ತಿಂಗ್ಳು ತಡೀರಿ. ಬಾಣಂತಿ ನೀರು ಮುಗೀಲಿ. ಆಮೇಲೆ ನಾನೇ ಮುಂದೆ ನಿಂತು ಒಡೆಸ್ತೀನಿ."

ಅತ್ತೆ ಸರ್ವೆಯರ್ ಕಡೆ ತಿರುಗಿದಳು. "ನಿಮ್ ಟೇಪು ಸರಿಯಿಲ್ಲ."

"ಆಂ?"

"ಬಿಸ್ಲಿಗೆ ಹಿಗ್ಗೈತೆ."

"ಅಮ್ಮಾ, ಅಳತೆ ನಿಮ್ ಕಡೆಗೇ ಬಂದೈತಲ್ಲ!"

"ಅದ್ಕೇ ಕಣಪ್ಪ ಅನುಮಾನ. ಸರಿಯಾಗಿ ಅಳೆದಿದ್ದು ನನ್ ಕಡೆಗೆ ಯಾವತ್ತು ಬಂದೈತೆ? ಕಲ್ಲು ಇರೋ ಜಾಗ್ದಲ್ಲೇ ಐತೆ, ನಂದೇನೂ ತಕರಾರಿಲ್ಲ ಅಂತ ಬರ್ಕ. ಸೈನ್ ಹಾಕ್ತೀನಿ."

"ಅತ್ತೇ..." ಎಂದೆ ನಾನು.

"ಓದ್ದೋನು ಬಾಯಿ ಮುಚ್ಕಂಡು ಟೇಪು ಸುತ್ತು!"

ಸರ್ವೆಯರ್ ಎರಡು ಮನೆಯಲ್ಲೂ ಕಾಫಿ ಕುಡಿದು, ತಲೆ ಕೆರೆದುಕೊಳ್ಳುತ್ತ ಹೋದ. ಅತ್ತೆ ಒಳಗೆ ಹೋಗುತ್ತಾಳೆಂದುಕೊಂಡೆ. ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ರಂಗಮ್ಮನ ಬಚ್ಚಲುಮನೆಗೆ ನುಗ್ಗಿದಳು.

"ಏನೇ ರಂಗಿ, ದಿನಾ ಕೇಳ್ತಾ ಇವ್ನಿ ಕೂಸು ಕಿರುಚೋದ. ಎಳೆ ಕೂಸಿಗೆ ಹಂಗಾ ನೀರು ಹುಯ್ಯೋದು? ಹಣೆಗೆ ಕೈ ಅಡ್ಡ ಇಡ್ಬೇಕು. ತಾ ಇತ್ಲಾಗೆ!"

ರಂಗಮ್ಮ ಒಳಗಿನಿಂದ ಕೂಸನ್ನು ತಂದುಕೊಟ್ಟಳು. ಅತ್ತೆ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಮೊಣಕೈ ಅದ್ದಿ ಬಿಸಿ ನೋಡಿ, ಚೊಂಬಿನಿಂದ ಸಣ್ಣಗೆ ನೀರು ಬಿಟ್ಟಳು. ಕೂಸು ಕಿರುಚಲಿಲ್ಲ. ಕಣ್ಣರಳಿಸಿ ಅವಳನ್ನೇ ನೋಡುತ್ತಿತ್ತು.

ಈ ವಿದ್ಯೆ ಇವಳಿಗೆ ಎಲ್ಲಿಂದ ಬಂತು ಎಂದು ನಾನು ಬಾಗಿಲಲ್ಲಿ ಬೆರಗಾಗಿ ನಿಂತಿದ್ದೆ. ರಂಗಮ್ಮ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಈ ಕೂಸಿನ ತಾಯಿಗೂ ಇವ್ರೇ ಕಣಪ್ಪ ಮೂರು ತಿಂಗ್ಳು ನೀರು ಹುಯ್ದಿದ್ದು. ಇದೇ ಕಾಲ್ ಮೇಲೆ ಮಲಗಿಸ್ಕಂಡು."

ಅತ್ತೆ ಕತ್ತೆತ್ತಲಿಲ್ಲ.

"ಮಾತು ಸಾಕು, ಮೆತ್ತನೆ ಬಟ್ಟೆ ತಾ. ಕೂಸು ನಡುಗ್ತಾ ಐತೆ."