ಬೀನ್ಸಿನ ವೇಳಾಪಟ್ಟಿ

ತಪ್ಪೆಲ್ಲ ಡಿಪೋದಲ್ಲಿ ಟಿಕೆಟ್ ತಪಾಸಣೆ ಮಾಡುವ ನನ್ನ ಸಹೋದ್ಯೋಗಿಯದು. ಆ ದಿನ ಅವನು ಒಂದು ಚೀಲ ಬೀನ್ಸ್ ತಂದು ನನ್ನ ಮೇಜಿನ ಮೇಲೆ ಸುರಿಯದೇ ಇದ್ದಿದ್ದರೆ, ಸುರಿದು "ನಮ್ಮ ಹಿತ್ತಿಲದ್ದು ಕಣಯ್ಯ, ಮುರಿದು ನೋಡು, ಟಕ್ ಅನ್ನತ್ತೆ" ಎಂದು ಮೀಸೆ ತಿರುವದೇ ಇದ್ದಿದ್ದರೆ, ಈ ಹೊತ್ತು ನಾನು ನನ್ನ ಮನೆಯಲ್ಲೇ ನಿರಾಶ್ರಿತನಾಗುತ್ತಿರಲಿಲ್ಲ. ಮುರಿದು ನೋಡಿದೆ. ಟಕ್ ಎಂದಿತು. ಹೊರಗೆ ನೋಡಿದರೆ ವಸಂತ ಬೇರೆ, ರಸ್ತೆಯ ಮರಗಳೆಲ್ಲ ಎಳೆ ಹಸಿರು ಬಿಟ್ಟುಕೊಂಡು ನಿಂತಿದ್ದವು. ನನ್ನೊಳಗಿನ ಕೃಷಿಕ ಆ ಗಳಿಗೆಯಲ್ಲಿ ಎದ್ದು ಕೂತ.

ಡಿಪೋದಲ್ಲಿ ನಾನು ಟೈಮ್ ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆದುಕೊಳ್ಳುವುದು, ತಡವಾಗಿ ಬಂದ ಡ್ರೈವರನ್ನು ಕಿಟಕಿಯ ಮುಂದೆ ನಿಲ್ಲಿಸಿ ಕಾರಣ ಬರೆಸಿಕೊಳ್ಳುವುದು, ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ. ಅಲ್ಲಿ ನನ್ನ ಪೆನ್ನು ಮೇಲೆದ್ದರೆ ಆರಡಿ ಎತ್ತರದ ಡ್ರೈವರುಗಳೂ ಬೆವರುತ್ತಾರೆ. (ಮನೆಯಲ್ಲಿ ಕುಕ್ಕರ್ ಕೂಡ ನನ್ನ ಮಾತು ಕೇಳುವುದಿಲ್ಲ, ಆ ವಿಷಯ ಬೇರೆ.)

ತೊಂದರೆ ಏನೆಂದರೆ, ನಮ್ಮ ಹಿತ್ತಿಲಿಗೆ ಆಗಲೇ ಒಬ್ಬ ಹಕ್ಕುದಾರಳಿದ್ದಳು. ನನ್ನವಳು ಬಟ್ಟೆ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಅವಳ ಮೆಷಿನ್ನು ಹಾಲಿನ ನಟ್ಟ ನಡುವೆ ಕೂತಿದೆ. ನಾವು ಊಟಕ್ಕೆ ಕೂರಬೇಕಾದರೆ ಮೊದಲು ಮೂರು ಅಂಗಿ, ಒಂದು ಫ್ರಾಕು, ಇನ್ನೂ ತೋಳು ಕಾಣದ ಒಂದು ಕೋಟು ಎತ್ತಿಡಬೇಕು. ಯಾರಾದರೂ ಬಂದರೆ ಅರ್ಧ ಹೊಲಿದದ್ದನ್ನೆಲ್ಲ ಗಂಟು ಕಟ್ಟಿ ಮಂಚದ ಕೆಳಗೆ ತಳ್ಳಬೇಕು. ಅವರು ಹೋದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುತ್ತ ಕೂರಬೇಕು. ಹಿತ್ತಿಲಲ್ಲಿ ಒಂದು ಪುಟ್ಟ ಕೋಣೆ, ಅದಕ್ಕೊಂದು ದೊಡ್ಡ ಕಿಟಕಿ, ಬಾಗಿಲು ಹಾಕಿಕೊಂಡರೆ ಯಾರೂ ಎಬ್ಬಿಸದ ಜಾಗ, ಅವಳು ಕೇಳಿದ್ದು ಇಷ್ಟೇ. ನಾನು ಹನ್ನೊಂದು ವರ್ಷವೂ ತಪ್ಪದೆ "ನೋಡೋಣ" ಎಂದಿದ್ದೆ. ಈ ವರ್ಷ ಅವಳು ನನ್ನನ್ನು ಕೇಳುವುದನ್ನು ಬಿಟ್ಟು ನೇರವಾಗಿ ಮೇಸ್ತ್ರಿಯನ್ನೇ ಕೇಳಿಬಿಟ್ಟಿದ್ದಳು. ಕೈಯಲ್ಲಿರುವ ಕೆಲಸ ಮುಗಿಸಿ ಎರಡೂವರೆ ತಿಂಗಳಿಗೆ ಬರುತ್ತೇನೆ ಎಂದು ಅವನೂ ಮಾತು ಕೊಟ್ಟಿದ್ದ. ಹಿತ್ತಿಲಿರುವುದೇ ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಕೋಣೆ ಬಂದರೆ ಗಿಡವಿಲ್ಲ, ಗಿಡ ಬಂದರೆ ಕೋಣೆಯಿಲ್ಲ.

"ಹಿತ್ತಿಲಲ್ಲಿ ತರಕಾರಿ ಬೆಳೀತೀನಿ" ಎಂದು ಊಟದ ಹೊತ್ತಿಗೆ ಘೋಷಿಸಿದೆ.

"ಯಾರ ಹಿತ್ತಿಲಲ್ಲಿ?"

"ನಮ್ಮ ಹಿತ್ತಿಲಲ್ಲೇ."

"ಅಲ್ಲಿ ನನ್ನ ಕೋಣೆ ಬರತ್ತೆ."

"ಕೋಣೇನ ತಿನ್ನಕ್ಕಾಗತ್ತಾ?"

"ನೀವು ಬೆಳೆದಿದ್ದನ್ನ ತಿನ್ನಕ್ಕಾಗತ್ತೆ ಅಂತ ಯಾರು ಹೇಳಿದ್ರು? ಹೋದ ವರ್ಷ ಕುಂಡದಲ್ಲಿ ಪುದೀನ ಹಾಕಿದ್ರಲ್ಲ, ಏನಾಯ್ತು?"

ಪುದೀನದ ವಿಷಯ ಎತ್ತಬಾರದಿತ್ತು. ದನಿಗಳು ಏರಿದವು. ಆಗ ಅತ್ತೆಯವರು ತಟ್ಟೆಯಿಂದ ತಲೆ ಎತ್ತಿದರು. ನನ್ನ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. (ಸರಿಯಾಗಿ ಹೇಳಬೇಕೆಂದರೆ ನಾವು ಅವರ ಜೊತೆ ಇದ್ದೇವೆ.) ಈ ಮನೆಯ ಸರ್ವೋಚ್ಚ ನ್ಯಾಯಾಲಯ ಅವರೇ, ಮೇಲ್ಮನವಿಗೆ ಅವಕಾಶವಿಲ್ಲ.

"ಕಿತ್ತಾಡಬೇಡಿ. ಮೇಸ್ತ್ರಿ ಬರೋವರೆಗೆ ಹಿತ್ತಿಲು ಅಳಿಯಂದಿರದ್ದು. ಅವನು ಬರೋ ದಿನ ಮನೆಮಂದಿಗೆಲ್ಲ ಒಂದು ಹೊತ್ತಿಗಾಗೋವಷ್ಟು ತರಕಾರಿ ಅಲ್ಲಿಂದ ಬಂದ್ರೆ ತೋಟ ಉಳೀಲಿ. ಬರಲಿಲ್ಲ ಅಂದ್ರೆ ಕೋಣೆ. ಆಮೇಲೆ ಯಾರೂ ಉಸಿರೆತ್ತಕೂಡದು."

ನನ್ನವಳು ತಕ್ಷಣ ಒಪ್ಪಿಕೊಂಡಳು. ಒಪ್ಪಿಗೆಯ ವೇಗ ಕಂಡು ನನಗೆ ಸ್ವಲ್ಪ ಅವಮಾನವೇ ಆಯಿತು.

ಭಾನುವಾರ ಬೆಳಗ್ಗೆ ಭೂಮಿಗೆ ಗುದ್ದಲಿ ಹಾಕಿದೆ. ಮೂರು ಸಾಲು ಮಾಡಿದೆ, ದಾರ ಹಿಡಿದು ನೇರ ನೋಡಿದೆ, ಬೀಜ ಹಾಕಿದೆ. ಆಮೇಲೆ ಐದನೇ ಕ್ಲಾಸಿನ ಮಗಳನ್ನು ಕೂರಿಸಿಕೊಂಡು ಪ್ರತಿ ಸಾಲಿಗೂ ಒಂದು ರಟ್ಟಿನ ಫಲಕ ಬರೆಸಿದೆ. "ಮೂಲಂಗಿ: ಆಗಮನ ಐದನೆಯ ದಿನ. ಬೀನ್ಸ್: ಆಗಮನ ಎಂಟನೆಯ ದಿನ. ಸೌತೆ: ಆಗಮನ ಒಂಬತ್ತನೆಯ ದಿನ."

"ಬೀನ್ಸ್ ಬೀಜದ ಪಾಕೀಟಿನ ಮೇಲೆ ಎಂಟರಿಂದ ಹದಿನಾಲ್ಕು ದಿನ ಅಂತ ಇದೆಯಲ್ಲಪ್ಪಾ?" ಎಂದಳು ಮಗಳು.

"ಎಂಟು ಅಂದ್ರೆ ಎಂಟು. ಹದಿನಾಲ್ಕು ಅನ್ನೋದು ಸೋಮಾರಿ ಬೀಜಗಳಿಗೆ."

ಕೈಕಾಲು ತೊಳೆಯದೆ ಒಳಗೆ ಬಂದವನು, "ಕೈ ಕೆಸರಾದರೆ ಬಾಯಿ ಮೊಸರು, ಗೊತ್ತೇನೇ?" ಎಂದೆ.

"ಕೆಸರು ನಿಮ್ಮ ಕೈಯಲ್ಲೆಲ್ಲಿದೆ? ಯಾರದೋ ಮದುವೆ ಕೋಟಿನ ಮೇಲಿದೆ, ನೋಡಿ ಅಲ್ಲಿ" ಎಂದಳು ನನ್ನವಳು. ಆ ಮಧ್ಯಾಹ್ನವೆಲ್ಲ ನಾನು ಕೋಟು ಉಜ್ಜುತ್ತ ಕಳೆದೆ.

ಐದನೆಯ ದಿನ ಮೂಲಂಗಿ ಬರಲಿಲ್ಲ. ಆರನೆಯ ದಿನವೂ ಇಲ್ಲ. ಇಪ್ಪತ್ತೆರಡು ವರ್ಷ ವಿಳಂಬವನ್ನು ಸಹಿಸದ ಮನುಷ್ಯ ನಾನು, ಒಂದು ಬೀಜಕ್ಕೆ ರಿಯಾಯಿತಿ ಕೊಡಲೇ? ಬೆರಳಿಂದ ಮಣ್ಣು ಸರಿಸಿ ವಿಚಾರಣೆ ನಡೆಸಿದೆ. ಬೀಜದ ಹೊಟ್ಟೆ ಒಡೆದು ಹಾಲುಹಲ್ಲಿನಷ್ಟು ಬೆಳ್ಳಗೆ ಏನೋ ಹೊರಗಿಣುಕಿತ್ತು. ಸರಿ, ಹೊರಟಿದೆ, ದಾರಿಯಲ್ಲಿದೆ ಎಂದು ಸಮಾಧಾನವಾಗಿ ಮತ್ತೆ ಮುಚ್ಚಿದೆ. ಸಂಜೆ ಡ್ಯೂಟಿ ಮುಗಿಸಿ ಬಂದು, ಈಗ ಎಲ್ಲಿಗೆ ಬಂದಿರಬಹುದು ಎಂದು ಮತ್ತೆ ತೆಗೆದೆ. ಬೀನ್ಸಿಗೂ ಸೌತೆಗೂ ಇದೇ ನ್ಯಾಯ ಅನ್ವಯಿಸಿದೆ, ಪಕ್ಷಪಾತ ನನ್ನ ಜಾಯಮಾನದಲ್ಲಿಲ್ಲ.

"ಮಲಗಿರೋರನ್ನ ಗಳಿಗೆಗೊಂದ್ಸಲ ಎಬ್ಬಿಸಿ 'ನಿದ್ದೆ ಬಂತಾ' ಅಂತ ಕೇಳಿದ ಹಾಗಾಯ್ತು ಅಳಿಯಂದಿರೇ" ಎಂದರು ಅತ್ತೆ, ಹಿಂಬಾಗಿಲಲ್ಲಿ ನಿಂತು. "ತಾಳಿದವನು ಬಾಳಿಯಾನು ಅಂತಾರೆ."

ನಾನು ತಾಳಲಿಲ್ಲ, ಅವು ಬಾಳಲಿಲ್ಲ. ಹದಿಮೂರನೆಯ ದಿನಕ್ಕೆ ಮೂಲಂಗಿ, ಬೀನ್ಸ್, ಸೌತೆ ಮೂರೂ ಕೊಳೆತು ಮಣ್ಣಾದವು. ಇತ್ತ ನನ್ನವಳು ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡು ನನ್ನ ಸಾಲುಗಳ ಮಧ್ಯೆ ಓಡಾಡಲು ಶುರುಮಾಡಿದ್ದಳು. "ಈ ಮೂಲಂಗಿ ಇತ್ತಲ್ಲ, ಅಲ್ಲಿ ಮೆಷಿನ್. ಆ ಸೌತೆ ಜಾಗದಲ್ಲಿ ಬಟ್ಟೆ ಕತ್ತರಿಸೋ ಮೇಜು." ಒಂದು ಹಾಳೆಯಲ್ಲಿ ಕೋಣೆಯ ಚಿತ್ರವನ್ನೂ ಬರೆದಿಟ್ಟುಕೊಂಡಿದ್ದಳು. ಕಿಟಕಿಗೆ ಹೂವಿನ ಪರದೆಯೂ ಇತ್ತು.

ಹದಿನಾಲ್ಕನೆಯ ದಿನ, ಉಳಿದಿದ್ದ ಒಂದೇ ಒಂದು ಹಿಡಿ ಬೀನ್ಸ್ ಬೀಜವನ್ನು ಮೂರೂ ಸಾಲಿಗೆ ಹಂಚಿ ಹಾಕಿದೆ. ಕೊನೆಯ ಬೀಜಕ್ಕೆ ಮಣ್ಣು ಮುಚ್ಚಿ ಏಳಲು ಹೋದರೆ ಸೊಂಟದಲ್ಲಿ ಏನೋ ಕಳಕ್ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ತಾಯಿ ಮಗಳು ಇಬ್ಬರೂ ಸೇರಿ ನನ್ನನ್ನು ಮೇಜಿನ ಹಾಗೆ ಎತ್ತಿಕೊಂಡು ಒಳಗೆ ತಂದರು. "ಮಣ್ಣಿಗೆ ನಮಸ್ಕಾರ ಮಾಡ್ತಿದ್ದೆ ಅಷ್ಟೇ" ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಡಾಕ್ಟರು ಬಂದು ಒತ್ತಿ ನೋಡಿ, "ಒಂದು ತಿಂಗಳು ಅಂಗಾತ ಮಲಗಿ. ಮೆಟ್ಟಿಲು ಇಳಿಯೋ ಹಾಗಿಲ್ಲ" ಎಂದರು.

ಗಾಳಿ ಬೆಳಕು ಚೆನ್ನಾಗಿದೆಯೆಂದು ಮುಂದಿನ ವರಾಂಡದಲ್ಲಿ ಮಂಚ ಹಾಕಿದರು. ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾದ ಏಕೈಕ ಸಾಮ್ರಾಜ್ಯ ಆ ವರಾಂಡ. ಸಂಜೆ ನನ್ನ ಬೆತ್ತದ ಕುರ್ಚಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ಗಡಿಯಾರ ನೋಡಿ ಮನಸ್ಸಿನಲ್ಲೇ ಮಾರ್ಕು ಹಾಕುವುದು ಅಲ್ಲಿಯೇ. ಆದರೆ ಅಲ್ಲಿಂದ ಹಿತ್ತಿಲು ಕಾಣುವುದಿಲ್ಲ. ಬೆಳಗಾದರೆ ಹಿಂದಿನಿಂದ ನಲ್ಲಿಯ ಸದ್ದು, ಬಕೆಟ್ಟಿನ ಸದ್ದು ಕೇಳುತ್ತಿತ್ತು. ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡೆ. ನನ್ನ ಬೀನ್ಸ್ ಮಣ್ಣಿನಲ್ಲೇ ಒಣಗಿ ಸತ್ತಿರುತ್ತದೆ ಎಂದು ಗೋಡೆಗೆ ಮುಖ ಮಾಡಿ ಮಲಗಿದೆ.

ತಿಂಗಳು ಕಳೆದು, ಮಗಳ ಹೆಗಲು ಹಿಡಿದುಕೊಂಡು ಶವಸಂಸ್ಕಾರಕ್ಕೆ ಹೋಗುವವನ ಮುಖ ಹೊತ್ತು ಹಿತ್ತಿಲಿಗೆ ಹೋದೆ. ನೋಡುತ್ತೇನೆ, ಮೂರೂ ಸಾಲಿನಲ್ಲಿ ಬೀನ್ಸ್ ಬಳ್ಳಿ ಕೋಲು ಹಿಡಿದು ನನ್ನ ಎದೆಯ ಮಟ್ಟಕ್ಕೆ ನಿಂತಿದೆ! ಎಲೆಯ ಸಂದಿಯಲ್ಲೆಲ್ಲ ಬಿಳಿ ಹೂವು. ಯಾರು ನೀರು ಹಾಕಿದರು, ಕೋಲು ಯಾರು ನೆಟ್ಟರು, ನಾನು ಕೇಳಲಿಲ್ಲ. ನಮ್ಮ ಇಲಾಖೆಯಲ್ಲಿ ತಡವಾಗಿ ಬಂದ ಬಸ್ಸಿಗೆ ಮಾತ್ರ ಕಾರಣ ಕೇಳುತ್ತಾರೆ, ಸರಿಯಾಗಿ ಬಂದದ್ದಕ್ಕೆ ಕೇಳುವ ಪದ್ಧತಿಯಿಲ್ಲ.

"ಕಂಡ್ಯಾ? ಶಿಸ್ತು ಅಂದ್ರೆ ಇದು. ಬೀಜ ಹಾಕುವಾಗ್ಲೇ ಅದಕ್ಕೆ ಭಯ ಹುಟ್ಟಿಸಿದ್ದೆ" ಎಂದು ನನ್ನವಳಿಗೆ ಹೇಳಿದೆ. ಇವಳು ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೊಲಿಗೆ ಮುಂದುವರಿಸಿದಳು. ಮುಂದಿನ ಒಂದು ತಿಂಗಳು ಡಿಪೋದಲ್ಲಿ ನನ್ನ ಬಾಯಿಗೆ ಬಿಡುವಿರಲಿಲ್ಲ. ಆ ತಪಾಸಣೆಯವನು ನನ್ನನ್ನು ಕಂಡರೆ ಬೇರೆ ಬಾಗಿಲಿಂದ ಹೋಗಲು ಶುರುಮಾಡಿದ.

ಕೊನೆಗೂ ಆ ದಿನ ಬಂತು. ಬೆಳಗ್ಗೆ ಒಂದು ಬುಟ್ಟಿ ಬೀನ್ಸ್ ಕಿತ್ತೆವು. ಮಧ್ಯಾಹ್ನ ಎಲ್ಲರ ತಟ್ಟೆಯಲ್ಲೂ ಬೀನ್ಸ್, ಕೇಳಿದವರಿಗೆ ಎರಡನೆಯ ಸಲ. ಅಷ್ಟರಲ್ಲಿ ಬಂದ ಮೇಸ್ತ್ರಿಗೂ ಒಂದು ತಟ್ಟೆ ಹಾಕಿದೆವು. ಅತ್ತೆ ನಿಧಾನವಾಗಿ ಅಗಿದು, ನೀರು ಕುಡಿದು, ತೀರ್ಪು ಕೊಟ್ಟರು. "ತೋಟ ಗೆದ್ದಿತು."

ನಾನು ಎದೆಯುಬ್ಬಿಸಿ ನನ್ನವಳ ಕಡೆ ನೋಡಿದೆ. ಅವಳು ಜಗಳಕ್ಕೆ ಬರಲಿಲ್ಲ. ಆ ಕೋಣೆಯ ಚಿತ್ರವಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಮುಚ್ಚಿ, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

"ಹಾಗಿದ್ರೆ ಗೆದ್ದಿದ್ದು ಅಮ್ಮ" ಎಂದಳು ಮಗಳು. "ಅಪ್ಪ ಮಲಗಿದ್ದಾಗ ದಿನಾ ನೀರು ಹಾಕಿದ್ದು ಅಮ್ಮ, ಕೋಲು ನೆಟ್ಟಿದ್ದು ಅಮ್ಮ, ಹುಳ ಆರಿಸಿದ್ದೂ ಅಮ್ಮ."

"ನೀನಾ?" ಎಂದೆ. "ಸುಮ್ಮನಿದ್ದಿದ್ರೆ ಎಲ್ಲಾ ಒಣಗಿಹೋಗ್ತಿತ್ತಲ್ಲೇ. ಕೋಣೆ ನಿನ್ನದಾಗ್ತಿತ್ತಲ್ಲ!"

"ನಿಮ್ಮ ಮೇಲಿನ ಸಿಟ್ಟನ್ನ ಗಿಡದ ಮೇಲೆ ತೀರಿಸ್ಕೊಳ್ಳಕ್ಕಾಗತ್ತಾ? ಮೊಳಕೆ ಬಂದು ಬಾಯಾರಿ ನಿಂತಿತ್ತು. ಹಾಕಿದೆ."

ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದ ನಾಚಿಕೆ ಒಟ್ಟಿಗೇ ಆಯಿತು. ಆ ಆವೇಶದಲ್ಲಿ ತಟ್ಟೆ ಸರಿಸಿ, ಸೊಂಟ ಹಿಡಿದುಕೊಂಡು ಎದ್ದು ನಿಂತೆ.

"ಮೇಸ್ತ್ರೀ! ಇವತ್ತೇ ಕೆಲಸ ಶುರುವಾಗಲಿ. ನನ್ನ ಹೆಂಡತಿ ಬೆರಳು ಮಾಡಿ ತೋರಿಸಿದ ಜಾಗದಲ್ಲಿ ಕೋಣೆ ಎದ್ದು ನಿಲ್ಲಬೇಕು! ಇದು ನನ್ನ ವಚನ!"

ಹೇಳಿದವನೇ ಹಿತ್ತಿಲಿಗೆ ನಡೆದೆ. ನನ್ನ ಕೈಯಾರೆ ನನ್ನ ತೋಟವನ್ನು ಕಿತ್ತು ಅವಳ ಪಾದಕ್ಕೆ ಒಪ್ಪಿಸುವುದು ನನ್ನ ಉದ್ದೇಶ. ಕಣ್ಣಲ್ಲಿ ನೀರು ಕೂಡ ಸಿದ್ಧವಾಗಿತ್ತು. ಮೊದಲ ಬಳ್ಳಿಗೆ ಕೈ ಹಾಕಿದೆನೋ ಇಲ್ಲವೋ, ಹಿಂದಿನಿಂದ ಒಂದು ಚೀರು ಕೇಳಿಸಿತು.

"ಬಿಡ್ರೀ ಅದನ್ನ! ಇನ್ನೂ ಹೂ ಬಿಡ್ತಿದೆ, ಕಣ್ಣು ಕಾಣಲ್ವಾ? ಇಷ್ಟು ದಿನ ಮಗು ಥರ ಸಾಕಿದ್ದೀನಿ. ನನ್ನ ತೋಟದಲ್ಲಿ ಕಾಲಿಟ್ರೆ ನೋಡಿ!"

"ನಿನ್ನ ತೋಟ?"

"ಮತ್ತೆ ಯಾರದು?"

ಮೇಸ್ತ್ರಿ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಹಾಗಾದ್ರೆ ಕೋಣೆ ಎಲ್ಲಮ್ಮಾ?" ಎಂದ.

ನನ್ನವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಟೇಪು ತೆಗೆದುಕೊಂಡು ಅಡುಗೆಮನೆ ದಾಟಿದಳು, ಹಾಲು ದಾಟಿದಳು, ನನ್ನ ವರಾಂಡಕ್ಕೆ ಬಂದು ನಿಂತಳು. ನಾವೆಲ್ಲ ಮೆರವಣಿಗೆಯಂತೆ ಅವಳ ಹಿಂದೆ ಬಂದೆವು. ಅವಳು ಬೆರಳು ಮಾಡಿ ತೋರಿಸಿದಳು.

"ಒಳ್ಳೇ ಜಾಗ" ಎಂದ ಮೇಸ್ತ್ರಿ. "ಎರಡು ಕಡೆ ಗೋಡೆ ಇದ್ದೇ ಇದೆ. ಬೆಳಕೂ ಚೆನ್ನಾಗಿದೆ. ವಾರದಲ್ಲಿ ಮುಗಿಸ್ತೀನಿ."

"ಇದು ನಾನು ಕೂರೋ ಜಾಗ ಕಣೇ!" ಎಂದೆ.

"ಹೆಂಡತಿ ತೋರಿಸಿದ ಜಾಗದಲ್ಲಿ ಅಂದ್ರಲ್ಲ ಅಳಿಯಂದಿರೇ" ಎಂದರು ಅತ್ತೆ. "ನಾನೇ ಕಿವಿಯಾರೆ ಕೇಳಿದ್ದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ನಾನು ಪ್ರತಿಭಟನೆ ಎಂಬಂತೆ ಬೆತ್ತದ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಮೇಸ್ತ್ರಿ ಈ ತುದಿಯಿಂದ ಆ ತುದಿಗೆ ದಾರ ಎಳೆಯುತ್ತ ಬಂದು ನನ್ನ ಮೊಣಕಾಲಿನ ಹತ್ತಿರ ನಿಂತ. "ಸ್ವಲ್ಪ ಏಳಿ ಸಾರ್. ಗೋಡೆ ಸರಿಯಾಗಿ ನಿಮ್ಮ ಮೇಲೇ ಬರತ್ತೆ" ಎಂದ.

ಎದ್ದೆ. ಕುರ್ಚಿ ಹೊತ್ತುಕೊಂಡು ಹಾಲಿಗೆ ಹೋದರೆ ಅಲ್ಲಿ ಮೆಷಿನ್ನು, ಬಟ್ಟೆಯ ರಾಶಿ. ಹಿತ್ತಿಲಿಗೆ ಹೋಗಿ ಬಳ್ಳಿಯ ಪಕ್ಕದಲ್ಲಿ ಒಂದು ಮೂಲೆ ಕಂಡು ಕುರ್ಚಿ ಇಳಿಸುವಷ್ಟರಲ್ಲಿ, "ಅಲ್ಲಿಡಬೇಡಿ, ಬದನೆ ಬೀಜ ಹಾಕಿದ್ದೀನಿ!" ಎಂಬ ಕೂಗು ವರಾಂಡದಿಂದಲೇ ಬಂತು. ಅವಳಿಗೆ ಅಲ್ಲಿಂದ ಹೇಗೆ ಕಂಡಿತೋ ದೇವರೇ ಬಲ್ಲ. ಕುರ್ಚಿಯನ್ನು ಮತ್ತೆ ಎತ್ತಿ ತಲೆಯ ಮೇಲಿಟ್ಟುಕೊಂಡು ಹಿಂಬಾಗಿಲ ಹೊಸ್ತಿಲಲ್ಲಿ ನಿಂತೆ. ಹಿಂದಿನಿಂದ ಮಗಳು ಬಂದು ಬೆನ್ನು ತಟ್ಟಿದಳು. ಪಾಪ, ಸಮಾಧಾನ ಹೇಳಲು ಬಂದಿದ್ದಾಳೆ ಎಂದು ತಿರುಗಿದೆ. ಕೈಯಲ್ಲಿ ಬಕೆಟ್ಟಿತ್ತು.

"ಅಪ್ಪಾ, ಸ್ವಲ್ಪ ದಾರಿ ಬಿಡು. ಗಿಡಕ್ಕೆ ನೀರು ಹಾಕ್ಬೇಕು" ಎಂದಳು.